ಕಾಲುವೆ ಸೇತುವೆ ದಾಟಿ ಹೋದ ಅಕ್ಕ

ಕಳೆದ ವಾರ ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಹೋದಾಗ ದರ್ಜಿ ತನ್ನ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಉದ್ದ ಮೂತಿಯ ಪುಟ್ಟ ಡಬ್ಬಿ, ನೀರಿನಷ್ಟು ತೆಳ್ಳಗಿನ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾವ ಬಣ್ಣದ ರವಿಕೆ ಕೊಟ್ಟಿದ್ದೆ ಎನ್ನುವುದೂ ಮರೆತು ಹಾಗೇ ನಿಂತುಬಿಟ್ಟೆ. ಎದುರು ಮನೆಯ ಅಕ್ಕ ತನ್ನ ಸೈಕಲ್ಲಿನ ಚೈನಿಗೆ ಹಾಕುತ್ತಿದ್ದದ್ದು ಇದೇ ಎಣ್ಣೆ. ಶನಿವಾರ ಸಂಜೆ ಬಾಗಿಲ ಮುಂದೆ ಹಳೆಯ ಬನಿಯನ್ ತುಂಡು ಹಾಸಿಕೊಂಡು ಕೂತು, ಒಂದು ಕೈಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದಳು. ಬೀದಿಯಲ್ಲಿ ಹೋಗುವವರು ನೋಡಿ ನಗುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ...

ನಮ್ಮದು ತಮಿಳು ಸೀಮೆಯ ಕಂಬಂ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಾನು ನಿವೃತ್ತಿಯಾಗುವವರೆಗೂ ಶಾಲೆಯಲ್ಲಿ ತಮಿಳು ಪಾಠ ಹೇಳಿದವಳು. ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಕೊಳ್ಳೇಗಾಲದ ಕಡೆಯಿಂದ ಬಂದ ಸೊಸೆಯ ಹತ್ತಿರ. ಅಕ್ಕ ನನಗೆ ರಕ್ತಸಂಬಂಧಿಯಲ್ಲ. ವೇದಸಂದೂರಿನ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಎದುರು ಮನೆಗೆ ಬಂದವಳು. ನಾನು ಆ ಬೀದಿಗೆ ಬಂದಾಗ ಅವಳ ಮಗನಿಗೆ ಆಗಲೇ ಮೀಸೆ ಬಂದಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಆದ್ದರಿಂದ ಅಕ್ಕ. ಅವಳಿಗೆ ನಾನು ತಂಗಚ್ಚಿ.

ಅವಳಿಗೆ ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಹಿಡಿಯಿತು. ಡಾಕ್ಟರು ನಡೆಯಿರಿ ಎಂದರು, ನಡೆದರೆ ಮಂಡಿ ನೋವು. ಹಾಗಾದರೆ ಸೈಕಲ್ ತುಳಿಯಿರಿ ಎಂದು ಅವರು ನಗುತ್ತ ಹೇಳಿದ್ದಿರಬೇಕು. ಅಕ್ಕ ಅದನ್ನು ನಗೆಮಾತು ಅಂತ ತೆಗೆದುಕೊಳ್ಳಲಿಲ್ಲ. ಹನ್ನೊಂದನೇ ತರಗತಿಯಲ್ಲಿ ಮೊಮ್ಮಗಳಿಗೆ ಸರ್ಕಾರ ಕೊಟ್ಟಿದ್ದ ಸೈಕಲ್ಲು, ಅವಳು ಕಾಲೇಜಿಗೆ ಹೋದ ಮೇಲೆ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಅದನ್ನು ಹೊರಗೆಳೆದು, ಒರೆಸಿ, ಗಾಳಿ ಹಾಕಿಸಿಕೊಂಡು ಬಂದು ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹೊಡೆದೇಬಿಟ್ಟಳು. ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದಳಂತೆ. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಇಷ್ಟು ವರ್ಷ ಎದುರಿಗೇ ಇದ್ದೂ ಈ ಸಂಗತಿ ನನಗೆ ಗೊತ್ತಿರಲಿಲ್ಲ.

ನನಗಂತೂ ಸೈಕಲ್ಲೇ ಬರುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಸೀಟಿನ ಹಿಂದೆ ಹಿಡಿದುಕೊಂಡು ಓಡುತ್ತ ನನಗೆ ಕಲಿಸಿದವಳು ಅವಳೇ. ಅವಳ ಮಂಡಿ ನೋವು ಆಗ ಎಲ್ಲಿ ಹೋಗಿತ್ತೋ. "ಕೆಳಗೆ ನೋಡಬ್ಯಾಡ ತಂಗಚ್ಚಿ, ನೇರಾ ನೋಡು! ದಾರಿ ತಾನಾ ಬತ್ತದೆ!" ಎಂದು ಕೂಗುತ್ತಿದ್ದಳು. ನಾನು ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ಒಂದು ಬೆಳಿಗ್ಗೆ ತಿರುಗಿ ನೋಡಿದರೆ ಅವಳು ದೂರದಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟುಕೊಂಡು ನಗುತ್ತಿದ್ದಾಳೆ, ನಾನು ಒಬ್ಬಳೇ ಹೋಗುತ್ತಿದ್ದೇನೆ. ಆ ವಯಸ್ಸಿನಲ್ಲಿ ಅಷ್ಟು ಸಂತೋಷಪಡುವುದು ಸರಿಯೇ ಎಂದು ನಾಚಿಕೆಯಾಯಿತು.

ನಾನೂ ಒಂದು ಹಳೆಯ ಸೈಕಲ್ಲು ಕೊಂಡೆ. ಆಮೇಲೆ ನಾವಿಬ್ಬರೂ ದಿನಾ ಬೆಳಿಗ್ಗೆ ಹೊರಡುತ್ತಿದ್ದೆವು. ನೆರಿಗೆ ಚಕ್ರಕ್ಕೆ ಸಿಕ್ಕದಂತೆ ಸೀರೆಯನ್ನು ಸ್ವಲ್ಪ ಎತ್ತಿ ಕಟ್ಟಿ, ಸೆರಗಿಗೆ ಪಿನ್ನು ಹಾಕಿ, ಕಾಮಯಗೌಂಡನ್‌ಪಟ್ಟಿಯ ಕಡೆಗೆ. ದಾರಿಯ ಎರಡೂ ಬದಿ ದ್ರಾಕ್ಷಿ ಚಪ್ಪರ. ಕೊಯ್ಲಿಗೆ ಹೋಗುವ ಹೆಂಗಸರು ನಮ್ಮನ್ನು ನೋಡಿ "ಪಾಟಿಮಾರ್ ರೇಸ್ ಬರುತ್ತೆ, ದಾರಿ ಬಿಡಿ" ಎಂದು ಅಜ್ಜಿಯರ ಪಂದ್ಯ ಅಂತ ಹಾಸ್ಯ ಮಾಡುತ್ತಿದ್ದರು. ಕೆಲವು ದಿನ ದೊಡ್ಡ ರಸ್ತೆ ಹಿಡಿದು ಉತ್ತಮಪಾಳಯದ ಕಡೆಗೆ ಹೋಗಿ, ನಡುವೆ ಸಿಗುವ ಕಾಲುವೆ ಸೇತುವೆಯಲ್ಲಿ ಐದು ನಿಮಿಷ ಕೂತು ವಾಪಸ್ಸು. ಸೈಕಲ್ಲಿನ ಮೇಲಿರುವಾಗ ಅಕ್ಕ ಮಾತೇ ಆಡುತ್ತಿರಲಿಲ್ಲ. ಮನೆಯಲ್ಲಿ ಅಷ್ಟು ಮಾತಾಡುವವಳು ಅಲ್ಲಿ ಬಾಯಿ ಮುಚ್ಚಿ, ಮುಖವನ್ನು ಗಾಳಿಗೆ ಕೊಟ್ಟು ಹೋಗುತ್ತಿದ್ದಳು. ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ. ನಾನು ಹಿಂದೆ ದೇವರ ಹೆಸರು ಹೇಳುತ್ತ ಇಳಿಯುತ್ತಿದ್ದೆ. ಅವಳ ಸಕ್ಕರೆ ಹತೋಟಿಗೆ ಬಂತು, ನನಗೆ ಒಳ್ಳೆಯ ನಿದ್ದೆ ಬರತೊಡಗಿತು. ಹೀಗೆ ಮೂರು ವರ್ಷದ ಮೇಲಾಯಿತು.

ಅದು ಆಡಿ ತಿಂಗಳು, ಅಂದರೆ ಆಷಾಢ. ನಮ್ಮ ಕಣಿವೆಯಲ್ಲಿ ಆಡಿ ಗಾಳಿ ಅಂದರೆ ಕುಮಳಿ ಬೆಟ್ಟದ ಕಡೆಯಿಂದ ನುಗ್ಗಿ ಬಂದು ತೇನಿಯ ಕಡೆಗೆ ಎಲ್ಲವನ್ನೂ ತಳ್ಳಿಕೊಂಡು ಹೋಗುವ ಗಾಳಿ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿರುತ್ತವೆ. ಆ ದಿನ ನಾವು ಉತ್ತಮಪಾಳಯದ ರಸ್ತೆ ಹಿಡಿದಿದ್ದೆವು. ಕಾಲುವೆ ಸೇತುವೆ ಬಂತು. ನಾನು ಇಳಿದೆ. ಅಕ್ಕ ಇಳಿಯಲಿಲ್ಲ.

"ಅಕ್ಕಾ!" ಎಂದು ಕೂಗಿದೆ.

ಅವಳು ತುಳಿಯುತ್ತಲೇ ಕತ್ತು ತಿರುಗಿಸಿ, "ನೀ ಮನೆಗ್ ಹೋಗು ತಂಗಚ್ಚಿ, ನಾ ಮೆದುವಾ ಬತ್ತೀನಿ" ಎಂದಳು.

ನಿಧಾನವಾಗಿ ಬರುತ್ತೇನೆ ಎಂದವಳು ಹೋಗುತ್ತಿದ್ದದ್ದು ಮಾತ್ರ ಜೋರಾಗಿ. ಉತ್ತಮಪಾಳಯದಲ್ಲಿ ಏನೋ ತರಬೇಕಾಗಿದೆ ಅಂದುಕೊಂಡೆ. ಎದುರು ಗಾಳಿಯಲ್ಲಿ ಏದುಸಿರು ಬಿಡುತ್ತ ಮನೆಗೆ ಬಂದೆ. ಇಡ್ಲಿ ತಿಂದೆ. ಬಟ್ಟೆ ನೆನೆಸಿದೆ. ಅವಳ ಯೋಚನೆಯೇ ಬರಲಿಲ್ಲ.

ಹೊತ್ತು ಏರಿದ ಮೇಲೆ ಅವಳ ಗಂಡ ಬಾಗಿಲಿಗೆ ಬಂದರು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ತೋಟ ನೋಡಿಕೊಂಡಿದ್ದ ಮೆದು ಮನುಷ್ಯ. ಗಟ್ಟಿಯಾಗಿ ಕೆಮ್ಮಿದ್ದನ್ನೂ ನಾನು ಕೇಳಿಲ್ಲ.

"ಟೀಚರಮ್ಮಾ, ಅವಳು ಇಲ್ಲೇ ಕೂತವ್ಳಾ?"

ಬೆಳಿಗ್ಗೆ ಅವಳು ಸೇತುವೆ ದಾಟಿ ಹೋದದ್ದನ್ನು ಹೇಳಿದೆ. ಅಕ್ಕನ ಫೋನು ಅವರ ಮನೆಯ ಟಿವಿಯ ಮೇಲೇ ಇತ್ತು.

ಆಮೇಲಿನದ್ದೆಲ್ಲ ಕಲಸಿಕೊಂಡಂತಾಗಿದೆ... ಅವಳ ಮಗ ಪೈಪು, ಮೋಟಾರಿನ ಅಂಗಡಿಗೆ ಬಾಗಿಲು ಹಾಕಿ ಬಂದ. ಬೈಕಿನಲ್ಲಿ ಹತ್ತು ಜನ ಹತ್ತು ಕಡೆ ಹೋದರು. ಕಾಲುವೆಯ ಉದ್ದಕ್ಕೂ ಹುಡುಕಿದರು, ಆಸ್ಪತ್ರೆಗಳಲ್ಲಿ ಕೇಳಿದರು. ಕೊಂಬೈ ರಸ್ತೆಯಲ್ಲಿ ಅಂಥ ಒಬ್ಬ ಮುದುಕಿಯನ್ನು ಕಂಡೆವು ಎಂದು ಯಾರೋ ಹೇಳಿದರು. ಅಲ್ಲಿಗೂ ಹೋಗಿ ಬಂದರು. ಮಗ ನನ್ನ ಮುಂದೆ ನಿಂತು, "ನೀವು ತಾನೇ ದಿನಾ ಕರ್ಕೊಂಡ್ ಹೋಗ್ತಿದ್ದದ್ದು? ನಿಮ್ ಹತ್ರ ಹೇಳ್ದೆ ಹೋಗಾಳಾ?" ಎಂದ. ಕರೆದುಕೊಂಡು ಹೋಗುತ್ತಿದ್ದದ್ದು ನಾನಲ್ಲ, ಅವಳು ನನ್ನನ್ನು. ಪೊಲೀಸ್ ಠಾಣೆಯಲ್ಲಿ ಅಧಿಕಾರಿ "ವೀಟ್ಲ ಸಂಡೈಯಾ?" ಎಂದು ಕೇಳಿದರು, ಮನೆಯಲ್ಲಿ ಜಗಳವೇ ಅಂತ. ಮಾವ ನನ್ನ ಮುಖ ನೋಡಿದರು. ಜಗಳ ಆಗಿತ್ತೋ ಇಲ್ಲವೋ ಎಂಬುದನ್ನು ಅವರೇ ನನ್ನಿಂದ ತಿಳಿಯಬೇಕು ಎನ್ನುವ ಹಾಗೆ.

ಮಾರನೆಯ ದಿನ ಸಂಜೆ ವೇದಸಂದೂರಿನ ಕಡೆಯಿಂದ ಅಕ್ಕನ ತಮ್ಮ ಮಾವನಿಗೆ ಫೋನು ಮಾಡಿದ. "ಅಕ್ಕ ಬಂದವ್ಳೆ. ಸೈಕಲ್‌ನಾಗೆ ಬಂದವ್ಳೆ. ನಿಮಗೆ ಗೊತ್ತಾ?"

ಕಂಬಂನಿಂದ ವೇದಸಂದೂರಿಗೆ, ನೂರು ಕಿಲೋಮೀಟರಿನ ಮೇಲೆ! ತೇನಿ ದಾಟಿ, ಪೆರಿಯಕುಳಂ ದಾಟಿ, ದಿಂಡಿಗಲ್ ದಾಟಿ. ಬಸ್ಸಿನಲ್ಲಿ ಹೋದರೇ ನಮಗೆ ಸೊಂಟ ಹಿಡಿಯುತ್ತದೆ. ಬಸ್ಸುಗಳೇನು ಕಡಿಮೆಯೇ? ಕೈ ಅಡ್ಡ ಹಿಡಿದರೆ ನಿಲ್ಲುತ್ತಿದ್ದವು. ಬೀದಿಯವರೆಲ್ಲ ಮೊದಲು ನಕ್ಕರು, ಆಮೇಲೆ ಪಿಸುಗುಟ್ಟಿದರು. ತವರಿನ ಆಸ್ತಿಯಲ್ಲಿ ಪಾಲು ಕೇಳಲು ಹೋಗಿದ್ದಾಳೆ ಎಂದರು ಕೆಲವರು. ತಲೆ ಕೆಟ್ಟಿದೆ ಎಂದರು ಇನ್ನು ಕೆಲವರು.

ಕಾರು ಮಾಡಿಕೊಂಡು ಕರೆತರಲು ಹೋದಾಗ ಮಾವ ನನ್ನನ್ನೂ ಕರೆದರು. ದಾರಿಯುದ್ದಕ್ಕೂ ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಿದ್ದರು. ಪ್ರತಿ ಏರು ಬಂದಾಗಲೂ "ಇದನ್ನೂ ಹತ್ತಿದ್ಳಾ?" ಎಂದು ತಮಗೆ ತಾವೇ ಕೇಳಿಕೊಂಡರು. ನನಗೂ ಅದೇ ಯೋಚನೆ. ಬೆಟ್ಟಗಳು ಒಂದೊಂದೇ ಹಿಂದೆ ಸರಿದವು, ಬಯಲು ಬಂತು, ನೂಲಿನ ಮಿಲ್ಲುಗಳು ಬಂದವು. ಅವಳು ಒಬ್ಬಳೇ, ಸೀರೆಗೆ ಪಿನ್ನು ಹಾಕಿಕೊಂಡು...

ಅಕ್ಕ ತಮ್ಮನ ಮನೆಯ ಹೊರಗೆ ಹಗ್ಗದ ಮಂಚದ ಮೇಲೆ ಕೂತಿದ್ದಳು. ಕಾಲಿಗೆ ವಿಳಕ್ಕೆಣ್ಣೆ ಹಚ್ಚಿಕೊಂಡಿದ್ದಳು, ಅಂದರೆ ಹರಳೆಣ್ಣೆ. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ವತ್ತಲಗುಂಡಿನ ಹತ್ತಿರ ಹೂ ಕಟ್ಟುವ ಹೆಂಗಸೊಬ್ಬಳು ಅನ್ನ ಹಾಕಿ, ಮಲಗಲು ಜಾಗ ಕೊಟ್ಟಳಂತೆ. ಅವಳ ಹೆಸರು ಕೇಳಲು ಮರೆತೆ ಎಂದು ಅದೊಂದಕ್ಕೆ ಮಾತ್ರ ಬೇಸರಪಟ್ಟುಕೊಂಡಳು. ತಮ್ಮನನ್ನು ಏನೂ ಕೇಳಿರಲಿಲ್ಲ. ಬಂದು ನೀರು ಕುಡಿದಿದ್ದಳು, ಮಲಗಿದ್ದಳು, ಎದ್ದು ಮುದ್ದೆಯಂಥ ಕಳಿ ಮಾಡಿಸಿಕೊಂಡು ಉಂಡಿದ್ದಳು. ಅವನೂ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮಗ ಜೋರು ಮಾಡಿದ. ಅವಳು ಕೇಳಿಸಿಕೊಂಡಳು. ಮಾವ ಹೋಗಿ ಮಂಚದ ಇನ್ನೊಂದು ತುದಿಯಲ್ಲಿ ಕೂತರು. ಬಹಳ ಹೊತ್ತು ಇಬ್ಬರೂ ಅಂಗಳದ ಕೋಳಿಗಳನ್ನು ನೋಡಿದರು.

"ಕಾಲು ನೋವಾ?" ಎಂದರು ಮಾವ.

"ಇಲ್ಲ."

"ಹೋಗೋಣ್ವಾ?"

"ಶರಿ."

ಅಷ್ಟೇ. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿದರು. ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ದಿಂಡಿಗಲ್ ಬರುವ ಮೊದಲೇ ಮಲಗಿದವಳು ಕಂಬಂನಲ್ಲೇ ಎದ್ದದ್ದು.

ಇಲ್ಲಿಗೆ ಮುಗಿದಿದ್ದರೆ ಇದೊಂದು ತಮಾಷೆಯ ಕಥೆಯಾಗುತ್ತಿತ್ತು. ಆದರೆ ಅಕ್ಕ ಆಮೇಲೆ ಸೈಕಲ್ ಮುಟ್ಟಲಿಲ್ಲ. ನಾನು ಎಂದಿನಂತೆ ಬೆಳಿಗ್ಗೆ ಅವರ ಗೇಟಿನ ಮುಂದೆ ಬೆಲ್ಲು ಹೊಡೆದರೆ ಒಳಗಿನಿಂದಲೇ "ನೀ ಹೋಗು ತಂಗಚ್ಚಿ" ಎನ್ನುತ್ತಿದ್ದಳು. ಮೊದಲು ದಣಿವಿರಬಹುದು ಎಂದುಕೊಂಡೆ. ಮಗ ಬೇಡ ಎಂದಿರಬಹುದು ಎಂದುಕೊಂಡೆ. ಆದರೆ ಅವನೇ ಒಂದು ದಿನ "ಬೇಕಾದ್ರೆ ಇಲ್ಲೇ ಊರೊಳಗೆ ತುಳೀಲಿ, ನಾ ಬ್ಯಾಡ ಅಂದಿಲ್ಲ" ಎಂದ. ಮಧುರೈಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಕೂಡ ಮಾಡಿಸಿದ. ಏನೂ ಇರಲಿಲ್ಲ. ಅಡುಗೆ, ಪೂಜೆ, ಬಾಗಿಲ ರಂಗೋಲಿ, ಮಾತು, ನಗು ಎಲ್ಲ ಮೊದಲಿನಂತೆಯೇ. ಸೈಕಲ್ಲು ಮಾತ್ರ ಮೆಟ್ಟಿಲ ಕೆಳಗೆ.

ಒಂದು ಮಧ್ಯಾಹ್ನ ಇಬ್ಬರೂ ಮುರುಂಗೆ ಸೊಪ್ಪು, ಅಂದರೆ ನುಗ್ಗೆ ಸೊಪ್ಪು, ಬಿಡಿಸುತ್ತಿದ್ದಾಗ ಕೇಳಿಯೇಬಿಟ್ಟೆ. "ಏನಕ್ಕೆ ಹೋದೆ ಅಕ್ಕ?"

"ಗಾಳಿ ಹಿಂದಿಂದ ಇತ್ತು. ನಿಲ್ಸಕ್ಕೆ ಮನಸು ಬರ್ಲಿಲ್ಲ."

"ನನ್ನತ್ರ ಒಂದು ಮಾತು ಹೇಳಬಾರದಿತ್ತಾ? ಎಲ್ಲಾರೂ ನನ್ನೇ ಕೇಳಿದ್ರು."

ಅವಳು ಒಂದು ಕಡ್ಡಿಯನ್ನು ಪೂರ್ತಿ ಬಿಡಿಸಿದಳು. ಆಮೇಲೆ, "ಹೇಳಿದ್ರೆ ನೀನೂ ಬತ್ತಿದ್ದೆ" ಎಂದಳು.

"ಮತ್ತೆ ಈಗ ಯಾಕೆ ತುಳಿಯಲ್ಲ?"

"ಅದೇ ಆಯ್ತಲ್ಲ ತಂಗಚ್ಚಿ" ಎಂದು ನಕ್ಕು, ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಏನು ಆಯಿತು? ನನಗೆ ಇವತ್ತಿಗೂ ತಿಳಿದಿಲ್ಲ. ನಾನೂ ಬರುತ್ತಿದ್ದೆ ಎಂದದ್ದು ನನ್ನ ಮೇಲಿನ ನಂಬಿಕೆಯಿಂದಲೋ, ನಾನು ಬರಬಾರದಿತ್ತು ಎಂದೋ? ನಾನು ನಿಜವಾಗಿ ಹೋಗುತ್ತಿದ್ದೆನೇ? ಮನೆಯಲ್ಲಿ ಇಡ್ಲಿ ಹಿಟ್ಟು ಉಬ್ಬಿ ಕೂತಿತ್ತು, ಹೋಗುತ್ತಿರಲಿಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಆ ಮೂರು ವರ್ಷ ಅವಳು ಸಕ್ಕರೆಗಾಗಿ ತುಳಿದಳೋ, ಖುಷಿಗಾಗಿಯೋ, ಇಲ್ಲ ಈ ಒಂದು ಪ್ರಯಾಣಕ್ಕೆ ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದಳೋ? ಹಾಗಿದ್ದರೆ ಪಕ್ಕದಲ್ಲಿ ತುಳಿಯುತ್ತಿದ್ದ ನಾನು ಯಾರು? ಒಂದು ವರ್ಷ ಒಂದು ಉತ್ತರ ಸರಿ ಅನ್ನಿಸಿದರೆ ಮುಂದಿನ ವರ್ಷ ಅದೇ ತಪ್ಪು ಅನ್ನಿಸಿದೆ.

ಎರಡು ಬೇಸಿಗೆ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಸಾಮಾನ್ಯ ಜ್ವರ ಎಂದರು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಕೇಳಲು ಇನ್ನೂ ಸಮಯವಿದೆ ಎಂದುಕೊಂಡಿದ್ದೆ.

ಕರ್ಮಾಂತರವೆಲ್ಲ ಮುಗಿದ ಮೇಲೆ ಮಾವ ಒಂದು ದಿನ ಬಂದು ಕೂತು, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, "ದಾರೀಲಿ ಅವಳು ನನ್ ಬಗ್ಗೆ ಏನಾರಾ ಹೇಳ್ತಿದ್ಳಾ ಟೀಚರಮ್ಮಾ?" ಎಂದರು. ಸೈಕಲ್ಲಿನ ಮೇಲೆ ಅಕ್ಕ ಮಾತೇ ಆಡುತ್ತಿರಲಿಲ್ಲ ಮಾವ ಎಂದೆ. ಅದು ನಿಜ. ಅವರು ತಲೆಯಾಡಿಸಿದರು. ನಂಬಲಿಲ್ಲವೆಂದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು. ಈಗಲೂ ಎದುರಿಗೆ ಸಿಕ್ಕಾಗ, ನಾನು ಯಾವತ್ತೋ ಒಂದು ದಿನ ಹೇಳುತ್ತೇನೆ ಎನ್ನುವಂತೆ ನೋಡುತ್ತಾರೆ.

ನಾನು ಈಗಲೂ ತುಳಿಯುತ್ತೇನೆ. ಒಬ್ಬಳೇ. ದರ್ಜಿ ಅಂಗಡಿಯಿಂದ ಬಂದ ಮಾರನೆಯ ದಿನ ಕಾಲುವೆ ಸೇತುವೆಯಲ್ಲಿ ಇಳಿಯಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ, ಇಳಿಯಲಿಲ್ಲ ಅಷ್ಟೇ. ಉತ್ತಮಪಾಳಯ ದಾಟಿತು. ಚಿನ್ನಮನೂರು ಬಂತು. ಅಲ್ಲೊಂದು ಟೀ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಕಾಲು ನಡುಗುತ್ತಿದ್ದರೂ ಮನಸ್ಸು ಯಾಕೋ ಹಗುರವಾಗಿ, ಟೀ ಕುಡಿಯುತ್ತ ಕೂತಿದ್ದೆ. ಫೋನು ಬಂತು. ಸೊಸೆ.

"ಅತ್ತೇ, ಎಲ್ಲಿದ್ದೀರಿ? ಇಷ್ಟೊತ್ತಾಯ್ತು."

"ಇಲ್ಲೇ ಇದ್ದೀನಿ" ಎಂದೆ. "ಎದುರು ಮನೇಲಿ. ಮೆದುವಾ ಬತ್ತೀನಿ."

ಫೋನು ಇಟ್ಟ ಮೇಲೆ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಕೂತೆ. ನನ್ನ ಸೊಸೆ ಒಳ್ಳೆಯವಳು. ಚಿನ್ನಮನೂರಿನಲ್ಲಿದ್ದೇನೆ ಎಂದಿದ್ದರೆ ನಗುತ್ತಿದ್ದಳು, ಬಿಸಿಲು ಏರುವ ಮೊದಲು ಬನ್ನಿ ಎನ್ನುತ್ತಿದ್ದಳು. ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಮತ್ತೆ ಯಾಕೆ ಸುಳ್ಳು ಹೇಳಿದೆ? ಅದನ್ನು ಕೇಳಿ ತಿಳಿದುಕೊಳ್ಳಬಹುದಾಗಿದ್ದದ್ದು ಒಬ್ಬಳ ಹತ್ತಿರ ಮಾತ್ರ. ಅವಳು ಇಲ್ಲ.