ಹುಲಿಗೆವ್ವನ ಗಂಡ, ಹುಲಿಗೆಮ್ಮನ ಅರ್ಜಿ

ಹುಲಿಗೆವ್ವನ ಗಂಡ ತೀರಿಕೊಂಡು ವರ್ಷವಾಯಿತು. ಆದರೆ ಹುಲಿಗೆಮ್ಮ ಇನ್ನೂ ವಿಧವೆಯಾಗಿಲ್ಲ. ಇಬ್ಬರೂ ಒಬ್ಬಳೇ. ನನಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು. ಮಾನ್ವಿಯ ತಾಲೂಕು ಕಚೇರಿಗೆ ಮಾತ್ರ ಗೊತ್ತಿಲ್ಲ.

ಕಲ್ಲೂರಿನಿಂದ ದಿನಾ ಬಸ್ಸಿಗೆ ಬಂದು ರಾಯಚೂರಿನ ನಮ್ಮ ಮನೆಯ ಕೆಲಸ ಮಾಡುವಾಕೆ. ಗಂಡನ ಮರಣ ಪತ್ರದಲ್ಲಿ ಆಕೆ ಹುಲಿಗೆವ್ವ. ಆಧಾರ್ ಮಾಡಿದವರು ‘ಅವ್ವ’ ಹಳ್ಳಿ ಮಾತಾಯಿತೆಂದು ಮರ್ಯಾದೆಗೆ ‘ಅಮ್ಮ’ ಮಾಡಿದ್ದಾರೆ. (ಮರ್ಯಾದೆ ಇಷ್ಟು ತುಟ್ಟಿಯೆಂದು ಯಾರಿಗೆ ಗೊತ್ತಿತ್ತು?) ಆಧಾರ್ ಹೆಸರಿನಲ್ಲಿ ಹಾಕಿದ ವಿಧವಾ ವೇತನದ ಅರ್ಜಿ ಎರಡು ಸಲ ವಾಪಸ್. ಮೂರನೇ ಸಲ ನಾನೂ ಜೊತೆಗೆ ಹೋದೆ.

ಗುಮಾಸ್ತರು ಸಂಭಾವಿತರು. ನಮ್ಮಿಬ್ಬರಿಗೂ ಪೇಪರ್ ಕಪ್ಪಿನಲ್ಲಿ ಚಹಾ ತರಿಸಿದರು. ಆಮೇಲೆ ಕಾಗದ ಮುಂದೆ ತಳ್ಳಿದರು.

“ಗಂಡ ಸತ್ತದ್ದು ಹುಲಿಗೆವ್ವಗ. ಅರ್ಜಿ ಹಾಕ್ಯಾಳ ಹುಲಿಗೆಮ್ಮ. ನಾ ಏನ್ ಮಾಡ್ಲಿ ಮೇಡಂ?”

“ಈಕಿ ಯಾರಂತ ನಿಮಗ ಗೊತ್ತಿಲ್ಲೇನ್ರಿ?”

“ಗೊತ್ತದರಿ, ನಮ್ಮವ್ವನ ಊರಿನಾಕಿ. ಆದ್ರ ಗೊತ್ತಿದ್ದದ್ದು ಕಾನೂನಲ್ರಿ, ಬರದಿದ್ದು ಕಾನೂನು.”

ಕಾನ್ವೆಂಟಿನ ಮಾರಲ್ ಸೈನ್ಸ್ ನೆನಪಾಯಿತು. ಮನುಷ್ಯ ಬರೆದ ನಿಯಮಕ್ಕಿಂತ ಮೇಲೊಂದು ನಿಯಮವಿದೆ ಎನ್ನುತ್ತಿದ್ದರು ಸಿಸ್ಟರ್. (ಮುಂದಿನ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಮೊಣಕಾಲೂರಿಸುತ್ತಿದ್ದರು.) ಲಾ ಓದುವ ಮಗಳ ಪುಸ್ತಕದಲ್ಲೂ ಇದೇ ಜಗಳ: ಬರೆದದ್ದೇ ಕಾನೂನು ಎನ್ನುವವರು ಒಂದು ಕಡೆ, ಬರೆದದ್ದನ್ನೂ ತೂಗಿ ನೋಡುವ ನ್ಯಾಯವೊಂದಿದೆ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷ. ಅರ್ಧ ಗಂಟೆ, ಅರ್ಧ ಇಂಗ್ಲಿಷಿನಲ್ಲಿ, ವಾದಿಸಿದೆ.

ಗುಮಾಸ್ತರು ಪೂರ್ತಿ ಕೇಳಿಸಿಕೊಂಡರು. “ಭಾಳ ಚೊಲೊ ಹೇಳಿದ್ರಿ. ಇಬ್ಬರೂ ಒಬ್ಬಾಕೀನೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬರ್ರಿ, ಆಗ್ತದ.”

ಮನೆಗೆ ಬಂದು, ಗೆದ್ದವಳಂತೆ ನಾನೇ ಚಹಾ ಮಾಡಿದೆ. ಹುಲಿಗೆವ್ವ ಹಿತ್ತಲ ಕಿಟಕಿಗೆ ಹೋಗಿ, ಅಲ್ಲಿ ಬೋರಲಿಟ್ಟ ತನ್ನ ಲೋಟ ತಂದು ಮುಂದೆ ಹಿಡಿದಳು. ಅತ್ತೆಯವರ ಕಾಲದಿಂದ ಆ ಲೋಟದ ಜಾಗ ಅದೇ. ತಿಕ್ಕುವವಳೂ ಅವಳೇ.

“ಹೆಸರು ಎರಡಿದ್ರ ನಡೆಯಂಗಿಲ್ಲಂತ ನೋಡ್ರಿ ಅಕ್ಕಾರ,” ಎಂದು ನಕ್ಕಳು. “ಲೋಟ ಎರಡಿದ್ರ ನಡೀತದ.”

ನಾನು ಕೆಟಲ್ ಕೆಳಗಿಟ್ಟೆ. ಲೋಟದ ಈ ನಿಯಮವನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನಿನಲ್ಲಿ ಇದು ಅಪರಾಧ. ಗುಮಾಸ್ತರ ಪಕ್ಷವೇ ಆಕೆಗೆ ವಾಸಿ ಇತ್ತೇನೋ.

ಸೋಮವಾರ ಅಫಿಡವಿಟ್ ಮಾಡಿಸುತ್ತೇವೆ. ಹುಲಿಗೆವ್ವ, ಹುಲಿಗೆಮ್ಮ ಇಬ್ಬರೂ ಒಬ್ಬಳೇ ಎನ್ನಲು ಒಂದು ಸ್ಟಾಂಪ್ ಪೇಪರ್ ಸಾಕಂತೆ. ಹುಲಿಗೆವ್ವ, ನಾನು ಇಬ್ಬರೂ ಒಂದೇ ಎನ್ನಲು ಎಷ್ಟು ಬೇಕು?