ಕೊನೆಯ ಗೇಣು

ಮೇಸ್ತ್ರಿಯವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಸೈಜುಕಲ್ಲು ಬಿದ್ದು ಹೋದದ್ದು ಮತ್ತೆ ಬಂದಿರಲಿಲ್ಲ. ಪಾಯಕ್ಕೆ ಇಳಿಯುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಆ ಬೋಳು ಬೆರಳನ್ನು ನೆಲಕ್ಕೆ ಒತ್ತಿ, ಗಟ್ಟಿ ಇದೆಯೇ ಎಂದು ನೋಡುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ನಾನು ಮನೆ ಕಟ್ಟಿಸಿದಾಗ ಪಾಯ ತೆಗೆದವರು ಅವರು. ಎರಡಡಿ ಇಳಿಯುವಷ್ಟರಲ್ಲಿ ಗಟ್ಟಿ ಕೆಂಪು ಗರಸು ಸಿಕ್ಕಿತು. ಹಾರೆ ಹಾಕಿದರೆ ಕಿಡಿ ಹಾರುವಂಥ ನೆಲ. ನಕ್ಷೆಯಲ್ಲಿ ನಾಲ್ಕಡಿ ಎಂದಿತ್ತು. ಅವರು ಮೂರೂಕಾಲು ಅಡಿಗೇ ಆಳುಗಳನ್ನು ಮೇಲೆ ಕರೆದರು. ನಾನು ಟೇಪು ಹಿಡಿದು ಯಾಕೆಂದು ಕೇಳಿದೆ. ಮೂವತ್ತು ವರ್ಷ ಗಂಟೆ ಹೊಡೆದಂತೆ ಶಾಲೆ ನಡೆಸಿದವಳು; ಅರ್ಧಕ್ಕೆ ನಿಂತ ಕೆಲಸ ನನಗೆ ಆಗುತ್ತಿರಲಿಲ್ಲ.

"ಕೊನೇ ಗೇಣ ಕಾಂಕ್ರೀಟ್ ಆಕೋ ದಿನ್ವೇ ತೆಗ್ಯನ ಕಣಮ್ಮ. ಎಂಥ ಗಟ್ಟಿ ನೆಲ್ವಾದ್ರೂ ಬಾಯ್ ತೆಗೆದು ಬುಟ್ರೆ ನೀರ್ ಕುಡೀತದೆ" ಎಂದರು.

ಕಾಂಕ್ರೀಟಿಗೆ ಸೋಮವಾರ ಒಂಬತ್ತಕ್ಕೆ ಮುಹೂರ್ತವಿತ್ತು. ಚಾಮರಾಜನಗರದಿಂದ ನೆಂಟರು ಬರುವವರಿದ್ದರು. ಆ ಹೊತ್ತಿನಲ್ಲಿ ಅಗೆಯುತ್ತ ಕೂರಬಾರದೆಂದು ನನ್ನ ಲೆಕ್ಕ. ಶನಿವಾರ ಅವರು ಕಲ್ಲು ನೋಡಲು ಬೇಗೂರಿಗೆ ಹೋದಾಗ, ನಾನೇ ಇಬ್ಬರು ಆಳುಗಳಿಗೆ ಹೇಳಿ ಉಳಿದ ಗೇಣನ್ನೂ ತೆಗೆಸಿಬಿಟ್ಟೆ. ಭಾನುವಾರ ಮಳೆ ಬಂತು.

ಸೋಮವಾರ ಬೆಳಿಗ್ಗೆ ನೀರು ಮೊಗೆದು ಹಾಕಿಸಿದೆವು. ಮೇಸ್ತ್ರಿಯವರು ಇಳಿದು ಬೆರಳು ಒತ್ತಿದರು. ಅದು ರಾಗಿ ಮುದ್ದೆಗೆ ಒತ್ತಿದಂತೆ ಒಳಗೆ ಹೋಯಿತು. ಎರಡು ದಿನ ಕೊಡಿ, ಮೆತ್ತಗಾದದ್ದನ್ನೆಲ್ಲ ಹೆರೆದು ತೆಗೆದು ಗಟ್ಟಿ ನೆಲ ಮುಟ್ಟಿಸುತ್ತೇನೆ ಎಂದರು. ಮಿಕ್ಸರು ಬಂದು ನಿಂತಿತ್ತು, ನೆಂಟರೂ ಬಂದಿದ್ದರು. ಕೆಸರಿನ ಮೇಲೆ ಮರಳು ಚೆಲ್ಲಿಸಿ ಮುಂದುವರಿಸಿ ಎಂದೆ.

"ನಿಮ್ ಗಡಿಯಾರ ನೋಡ್ಬುಟ್ಟು ನೆಲ ಎದ್ದು ಸಲೂಟ್ ಒಡೆಯಾಕಿಲ್ಲ ಕಣಮ್ಮ" ಎಂದರು. ಆಳುಗಳು ನಕ್ಕರು. ಅವರು ನಗಲಿಲ್ಲ. "ಮನೆ ನಿಮ್ದು. ಬಿರುಕು ಬುಟ್ರೆ ಊರು ಕೇಳೋದು ನನ್ನೆಸ್ರ."

ಕಾಂಕ್ರೀಟು ಒಂಬತ್ತಕ್ಕೇ ಬಿತ್ತು. ಎರಡನೆಯ ಮಳೆಗಾಲಕ್ಕೆ ಅಡುಗೆಮನೆಯ ಮೂಲೆ ತುಸು ಕುಸಿದು, ಕಿಟಕಿಯಿಂದ ನೆಲದವರೆಗೆ ಬಿರುಕು ಬಂತು. ನೋಡಿದವರು ಮೇಸ್ತ್ರಿ ಯಾರು ಎಂದು ಕೇಳಿದರು. ನಾನು ಹೆಸರು ಹೇಳಿದೆ. ಸುಳ್ಳೇನೂ ಹೇಳಲಿಲ್ಲ, ಹೆಸರು ಹೇಳಿ ಸುಮ್ಮನಾದೆ, ಅಷ್ಟೆ. ಪಕ್ಕದ ಬೀದಿಯ ಲೆಕ್ಚರರು ಮೇಸ್ತ್ರಿಯವರಿಗೆ ಒಪ್ಪಿಸಿದ್ದ ಮನೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಆಮೇಲೆ ಅವರಿಗೆ ಯಾರೂ ಪಾಯದ ಕೆಲಸ ಕೊಡಲಿಲ್ಲ. ತಾವೇ ಕಲಿಸಿದವರ ಕೈಕೆಳಗೆ ಗಾರೆ ಕೆಲಸ ಮಾಡಿದರು.

ಆದರೂ ಕರೆಯದೆ ನಮ್ಮ ಮನೆಗೆ ಬಂದರು. ಆ ಮೂಲೆಯಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ದೂರ ಸಾಗಿಸಿದರು. ನೀರು ಗೋಡೆಯಿಂದ ಆಚೆ ಹರಿಯುವಂತೆ ಸುತ್ತಲೂ ಚಪ್ಪಡಿ ಹಾಸಿ ಇಳಿಜಾರು ಮಾಡಿದರು. ಬಿರುಕು ಅಲ್ಲಿಗೇ ನಿಂತಿತು. ತಪ್ಪು ನಿಮ್ಮದಲ್ಲವೆಂದು ಜನಕ್ಕೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೈ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ನಾನೇಳುದ್ರೆ ನೆಪ ಅಂತಾರೆ. ನೀವೇಳ್ಬೇಕು."

ಹೇಳುತ್ತೇನೆ ಎಂದೆ. ಹಾಲಿನವನಿಗೆ, ಗ್ಯಾಸಿಗೆ, ತೆಂಗಿನಕಾಯಿ ಕೀಳಿಸುವುದಕ್ಕೆ ದಿನ ಗೊತ್ತು ಮಾಡುವ ನಾನು ಇದಕ್ಕೆ ಮಾತ್ರ ಗೊತ್ತು ಮಾಡಲಿಲ್ಲ. ಲೆಕ್ಚರರು ದಿನಾ ಎದುರಿಗೇ ಸಿಗುತ್ತಿದ್ದರು. ನಾಲ್ಕು ವರ್ಷ ನಮಸ್ಕಾರ ಹೇಳಿಯೇ ದಾಟಿದೆ.

ಕಳೆದ ಆಷಾಢದಲ್ಲಿ ಮೇಸ್ತ್ರಿಯವರು ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಅವರಿಂದ ಕೆಲಸ ಕಲಿತವರು ನಿಂತಿದ್ದರು, ಲೆಕ್ಚರರೂ ಬಂದಿದ್ದರು. ಗೇಣು ತೆಗೆಸಿದ್ದು ನಾನು, ಕೆಸರಿನ ಮೇಲೆ ಕಾಂಕ್ರೀಟು ಹಾಕಿಸಿದ್ದೂ ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಾಗಿಲಲ್ಲಿ ಕೂತಿದ್ದ ಮೇಸ್ತ್ರಿಯವರ ಹೆಂಡತಿ ನನ್ನನ್ನು ನೋಡಿದರು.

"ಇದ್ನ ಅವ್ರು ಕೇಳುಸ್ಕಬೇಕಾಗಿತ್ತಲ್ವಾ ಟೀಚರಮ್ಮ?"