ಕಲ್ಲೇಶ ಒತ್ತದ ಎಂಟರ್

ಚನ್ನಗಿರಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದ ಅನ್ನಪೂರ್ಣಮ್ಮ ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಕಲ್ಲೇಶನಿಗೆ ಚೆನ್ನಾಗಿ ಗೊತ್ತು. ನನ್ನ ಹಳೇ ವಿದ್ಯಾರ್ಥಿ. ಕಪ್ಪು ಪರದೆಯ ಮೇಲೆ ಏನೇ ಆಜ್ಞೆ ಟೈಪ್ ಮಾಡಲಿ, ಎಂಟರ್ ಒತ್ತುವ ಮೊದಲು ಒಂದೊಂದೇ ಅಕ್ಷರ ಬಾಯಿಬಿಟ್ಟು ಓದುತ್ತಾನೆ. ಪಕ್ಕದಲ್ಲಿ ಕೂತವರಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಸೊಕ್ಕೆ ಎಂಬ ಊರಿನ ಪವಿತ್ರಳಿಗೆ ಕಣ್ಣು ಕಾಣುವುದಿಲ್ಲ. ಅವಳ ಪಿಯುಸಿ ಪರೀಕ್ಷೆಗೆಂದು ಎಂಟು ತಿಂಗಳು ಪುಸ್ತಕ ಓದಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದೆ. ಮೊದಲ ಪಾಠವೊಂದೇ ಅವಳ ಮೊಬೈಲಿಗೆ ಹೋಗಿತ್ತು. ಪರೀಕ್ಷೆಗೆ ಹದಿನೈದು ದಿನವಿರುವಾಗ ಲ್ಯಾಪ್‌ಟಾಪ್ ಕೆಟ್ಟಿತು. ಕಲ್ಲೇಶ ಒಳಗಿನ ಡ್ರೈವ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಹಾಕಿದರೆ, ಅದಕ್ಕೆ ಬೀಗ! ಕರೆಂಟ್ ತಪ್ಪಿದೊಡನೆ ತಾನೇ ಬೀಗ ಹಾಕಿಕೊಳ್ಳುವ ಜಾತಿಯದು. ಇಷ್ಟು ದಿನ ಲ್ಯಾಪ್‌ಟಾಪೇ ತೆರೆದುಕೊಡುತ್ತಿತ್ತು. ಪಾಸ್‌ವರ್ಡ್ ಇಟ್ಟವಳು ನಾನೇ, ಮರೆತವಳೂ ನಾನೇ.

"ಡ್ರೈವ್ ಮೇಲಿನ ಚೀಟಿಯಾಗೆ ಉದ್ದಕೆ ನಂಬರ್ ಐತಲ್ಲೋ, ಹಾಕು ಅದನ್ನ! ಇನ್ನೊಂದು ಅಂಗಡಿಯೋನು ಹತ್ತು ನಿಮಿಷದಾಗೆ ತೆಗೀತೀನಿ ಅಂದ," ಎಂದು ರೇಗಿದೆ.

ಅವನು ಟೈಪ್ ಮಾಡಿದ, ಓದಿದ, ಕೈ ಹಿಂದಕ್ಕೆ ತೆಗೆದುಕೊಂಡ. "ಇದು ಬೀಗ ತೆಗೀತೈತೆ ಮೇಡಂ, ಆದ್ರೆ ಒಳಗಿರಾದನ್ನೆಲ್ಲ ಅಳಿಸಿ ತೆಗೀತೈತೆ. ಎಷ್ಟಾದ್ರೂ ಬೈರಿ, ನಾನು ಒತ್ತಲ್ಲ. ಪಾಸ್‌ವರ್ಡ್ ಎಲ್ಲಿ ಬರೆದಿದ್ರಿ?"

"ಕ್ಯಾಲೆಂಡರಿನಾಗೆ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕ. ಆ ಹಳೇ ಕ್ಯಾಲೆಂಡರ್ ಎಲ್ಲೈತೋ ಯಾರಿಗೆ ಗೊತ್ತು!"

ಪವಿತ್ರಳಿಗೆ ಫೋನ್ ಮಾಡಿ, ಪಾಸ್‌ವರ್ಡ್ ಬರೆದ ಕ್ಯಾಲೆಂಡರ್ ಸಿಗುತ್ತಿಲ್ಲ ಎಂದು ಹೇಳಿದೆ. "ಚಿಂತೆ ಮಾಡಬ್ಯಾಡ್ರಿ ಮೇಡಂ," ಅಂದಳು. "ಮೊದಲ್ನೇ ಪಾಠದಾಗೆ ನೀವೇ ಹೇಳೀರಲ್ಲ, ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹೊದಿಸೀನಿ, ಸದ್ದಾಗ್ತೈತೆ, ಬೈಕಬ್ಯಾಡ ಅಂತ."

ಅಯ್ಯೋ ನನ್ನ ಬುದ್ಧಿಯೇ! ಮನೆಗೆ ಓಡಿ, ಮೊದಲ ಪಾಠ ಓದಿದ್ದ ಇತಿಹಾಸ ಪುಸ್ತಕದ ಹೊದಿಕೆ ಬಿಚ್ಚಿದೆ. ಒಳಮಡಿಕೆಯಲ್ಲಿ ನನ್ನದೇ ಕೈಬರಹದಲ್ಲಿ ಪಾಸ್‌ವರ್ಡ್ ಇತ್ತು.

ಕಲ್ಲೇಶ ಅದನ್ನು ಟೈಪ್ ಮಾಡಿ, ಮೂರು ಸಲ ಓದಿ, ಎಂಟರ್ ಒತ್ತಿದ. ಬೀಗ ತೆರೆಯಿತು. ಫೈಲ್ ಹಚ್ಚಿದರೆ ನನ್ನ ದನಿ, ಅದರ ಹಿಂದೆ ಕಾಗದದ ಸರಪರ. ಅಂಗಡಿಯಲ್ಲೇ ಕೂತು ಅತ್ತುಬಿಟ್ಟೆ.

ಪವಿತ್ರ ಪಾಸಾದಳು. ಅವೇ ಪಾಠಗಳನ್ನು ಈಗ ಇನ್ನೂ ನಾಲ್ವರು ಮಕ್ಕಳು ಕೇಳುತ್ತಾರೆ. ಕೊನೆಯ ಪಾಠದ ತುದಿಗೆ, "ಇದೆಲ್ಲ ಉಳಿದದ್ದು ಚನ್ನಗಿರಿಯ ಕಲ್ಲೇಶನಿಂದ, ಅವನ ಹೊಟ್ಟೆ ತಣ್ಣಗಿರಲಿ," ಎಂದು ಸೇರಿಸಿದ್ದೇನೆ.

ಅವನು ಕೇಳಿ ನಾಚಿಕೊಂಡ. "ಅದೊಂದು ಅಳಿಸಿಬಿಡ್ರಿ ಮೇಡಂ."

"ನಾನು ಅಷ್ಟು ಬೈದ್ರೂ ನೀನು ಅಳಿಸಿದ್ಯೇನೋ?" ಎಂದೆ.